ಸಕುಟುಂಬ ಸಮೇತರಾಗಿ

ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲಿ ಲಗ್ನ ಕಟ್ಟಿದರೂ ಪತ್ರಿಕೆ ಬರೆಯೋ ಕೆಲಸ ನನ್ನ ತಲೆಗೇ ಬರುತ್ತದೆ. ಕೇರಿಗೆ ಮೊದಲನೇ ಬಿ.ಎ. ನಾನು. ಪದ್ಯ ಬರೀತಾನೆ ಅನ್ನೋದು ಬೇರೆ ಗೊತ್ತಾಗಿಬಿಟ್ಟಿದೆ. ‘ಪದ್ಯ ಬರಿಯೋನಿಗೆ ಪತ್ರಿಕೆ ಬರಿಯೋದೇನ್ಲಾ ಕಷ್ಟ, ಬಾ’ ಅಂತ ಎಳೆದುಕೊಂಡು ಹೋಗುತ್ತಾರೆ. 6 ವರ್ಷದಲ್ಲಿ 20ಕ್ಕೂ ಹೆಚ್ಚು ಮದುವೆಗಳ ಪತ್ರಿಕೆ ಬರೆದಿದ್ದೇನೆ. ನನ್ನ ಪದ್ಯ ಓದಿದವರಿಗಿಂತ ನನ್ನ ಲಗ್ನಪತ್ರಿಕೆ ಓದಿದವರೇ ಹೆಚ್ಚು. ಅದರ ಬಗ್ಗೆ ನನಗೆ ಬೇಸರವಿಲ್ಲ. ಬೇಸರ ಇರುವುದು ಬೇರೆ ಕಡೆ. ಹೋದ ವರ್ಷ ತಂಗಿಯ ಮದುವೆಗೆ ಬರೆಯಲು ಕೂತಾಗ, ಇಷ್ಟು ವರ್ಷ ಕೈ ತಾನಾಗಿ ಬರೆದುಬಿಡುತ್ತಿದ್ದ ಒಂದು ಸಾಲು ಬರೆಯಲಾಗಲಿಲ್ಲ. ‘ತಾವು ಸಕುಟುಂಬ ಸಮೇತರಾಗಿ ಆಗಮಿಸಿ...’

ಪೆನ್ನು ಅಲ್ಲಿಗೆ ನಿಂತಿತು. ಯಾರನ್ನು ಕರೆಯುತ್ತಿದ್ದೇನೆ? ಬಂದರೂ ಉಣ್ಣುವುದಿಲ್ಲ ಅಂತ ಖಚಿತವಾಗಿ ಗೊತ್ತಿರುವವನಿಗೆ ‘ಹೆಂಡತಿ ಮಕ್ಕಳ ಸಮೇತ ಬನ್ನಿ’ ಅಂತ ಅಚ್ಚು ಹಾಕಿಸಿ ಕೊಡುವುದು ಕರೆಯೋ, ಸುಳ್ಳೋ? ಸುಳ್ಳಾದರೆ ಆ ಸುಳ್ಳು ಯಾರದು? ಬರೆದವನದೋ, ತೆಗೆದುಕೊಂಡವನದೋ?

ಗೆಳೆಯರೇ, ಭೂಮಿ ಇಲ್ಲ, ಕೆಲಸ ಇಲ್ಲ, ಹಾಸ್ಟೆಲಿನಲ್ಲಿ ಅನ್ನ ಸರಿ ಇಲ್ಲ ಅನ್ನುವಾಗ ಇದೊಂದು ಪ್ರಶ್ನೆಯೇ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ತಳ್ಳಿಹಾಕಲು ನೋಡಿದೆ. ಹೋಗಲಿಲ್ಲ.

ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಹಿಂದೆ ನಾವು ಹೋಗುವ ಅಚ್ಚಿನಮನೆ ಇದೆ. ಮೂಲೆಯಲ್ಲಿ ಹಳೆಯ ಟ್ರೆಡಲ್ ಮಷೀನು ತುಕ್ಕು ಹಿಡಿದು ನಿಂತಿದೆ. ಅದರ ಮೇಲೆ ಈಗ ಕಾರ್ಡಿನ ಬಾಕ್ಸುಗಳನ್ನು ಪೇರಿಸಿದ್ದಾರೆ. ಮಾಲೀಕರು ವಯಸ್ಸಾದವರು, ಮಾತುಗಾರರು. ಒಂದು ಕಾಲದಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸ್ಟಿಕ್ಕಿನಲ್ಲಿ ಕೂರಿಸಿ, ತಿರುಗುಮುರುಗಾಗಿ ಓದಿ, ಗ್ಯಾಲಿಗೆ ಇಳಿಸಿ, ದಾರದಲ್ಲಿ ಕಟ್ಟಿ, ಕರಡು ತೆಗೆದು ಅಚ್ಚು ಹಾಕುತ್ತಿದ್ದರಂತೆ. ಮದುವೆ ಸುಗ್ಗಿಯಲ್ಲಿ ‘ಚಿ||’ ‘ಸೌ||’ ಮೊಳೆಗಳು ಸಾಲದೆ ಬಂದು ಪಕ್ಕದ ಪ್ರೆಸ್ಸಿನಿಂದ ಕಡ ತರುತ್ತಿದ್ದರಂತೆ. ಅಚ್ಚು ಮುಗಿದ ಮೇಲೆ ಎಲ್ಲವನ್ನೂ ಬಿಡಿಸಿ ಅವವುಗಳ ಖಾನೆಗೆ ಹಾಕಬೇಕು. ಬೆಳಿಗ್ಗೆ ದೊಡ್ಡಮನೆಯ ಹುಡುಗಿಯ ಹೆಸರಿನಲ್ಲಿ ನಿಂತಿದ್ದ ‘ಲ’ ಮಧ್ಯಾಹ್ನ ನಮ್ಮ ಕೇರಿಯ ಹುಡುಗಿಯ ಹೆಸರಿನಲ್ಲಿ ನಿಲ್ಲುತ್ತಿತ್ತು. ಸೀಸಕ್ಕೆ ಮೈಲಿಗೆ ಗೊತ್ತಿರಲಿಲ್ಲ.

ಈಗ ಕಂಪ್ಯೂಟರು ಬಂದಿದೆ. ‘ನುಡಿ’ಯಲ್ಲಿ ಟೈಪು ಮಾಡುವ ಹುಡುಗ ಹೊಸದಾಗಿ ಏನನ್ನೂ ಬರೆಯುವುದಿಲ್ಲ, ಹಳೆಯ ಫೈಲು ತೆಗೆದು ಹೆಸರು ತಾರೀಖು ಬದಲಿಸುತ್ತಾನೆ. ನಾನು ಕೂತ ಕೂಡಲೇ ಕೇಳಿದ: ‘ಸಾರ್, ಯಾವ ಜನ?’ ಅವನ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಸ್ ಕಂಡಕ್ಟರು ‘ಎಲ್ಲಿಗೆ?’ ಅನ್ನುವ ಹಾಗೆ ಕೇಳಿದ. ಪರದೆಯ ಮೇಲೆ ಸಾಲಾಗಿ ಫೋಲ್ಡರುಗಳು. ಒಂದೊಂದಕ್ಕೂ ಒಂದೊಂದು ಜಾತಿಯ ಹೆಸರು. ಪ್ರತಿಯೊಂದರಲ್ಲೂ ಅವರವರ ದೇವರು, ಅವರವರ ಗುರುಗಳು, ಅವರವರ ಒಕ್ಕಣೆ. ಕೊನೆಯಲ್ಲಿ ‘ಎಸ್.ಸಿ.’ ಅಂತ ಒಂದು. ತೆಗೆದ. ಒಳಗೆ ಬುದ್ಧ ಇದ್ದ, ಬಸವಣ್ಣ ಇದ್ದರು, ಬಾಬಾಸಾಹೇಬರು ಇದ್ದರು. ಜಾತಿಯ ಬೇರು ಕೀಳಲು ಹೊರಟವರನ್ನೆಲ್ಲ ಹಿಡಿದು ತಂದು ಜಾತಿಯ ಫೋಲ್ಡರಿನಲ್ಲಿ ಕೂಡಿಹಾಕಿದ್ದ. ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಆದರೆ ನಾನು ಆರಿಸಿದ್ದೂ ಅದೇ ಫೋಲ್ಡರಿನಿಂದಲೇ, ಇದನ್ನು ಮುಚ್ಚಿಡಬಾರದು. ಬುದ್ಧನ ಕೆಳಗೆ ಅವ್ವನ ಒತ್ತಾಯಕ್ಕೆ ‘ಶ್ರೀ ಸಿದ್ದಪ್ಪಾಜಿ ಪ್ರಸನ್ನ’ ಅಂತಲೂ ಸೇರಿಸಿದೆ.

ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ತರಿಸಿದ ಖಾಲಿ ಕಾರ್ಡುಗಳ ಆಲ್ಬಂ ಮುಂದಿಟ್ಟರು. 7 ರೂಪಾಯಿಯಿಂದ 120ರವರೆಗೆ ಇತ್ತು. ನಾವು 9 ರೂಪಾಯಿಯದು 300 ತೆಗೆದುಕೊಂಡೆವು. ಅಚ್ಚಿನ ಕೂಲಿ 1500. ಎಲ್ಲ ಸೇರಿ 4200. ಅವ್ವನ ಕಳೆ ಕೀಳುವ ಕೂಲಿ ದಿನಕ್ಕೆ 300, ಅಂದರೆ 14 ದಿನ ಬಗ್ಗಿದ ಬೆನ್ನು ಆ ಕಾರ್ಡುಗಳಲ್ಲಿತ್ತು. ಸುಳ್ಳು ಬರೆಯಲು ಇದು ದುಬಾರಿ ಕಾಗದ.

ಒಕ್ಕಣೆಗೆ ಬನ್ನಿ. ‘ಸ್ವಸ್ತಿಶ್ರೀ ವಿಜಯಾಭ್ಯುದಯ ನೃಪ ಶಾಲಿವಾಹನ ಶಕ ವರ್ಷ’ ಅಂತ ಶುರುವಾಗುತ್ತದೆ. ಕ್ರಿ.ಶ. 78ರಿಂದ ಎಣಿಸುವ ಶಕೆ. ರಾಜನ ಲೆಕ್ಕ. ನಮ್ಮ ಮನೆಯಲ್ಲಿ ಕಾಲವನ್ನು ‘ಕೆರೆ ಒಡೆದ ವರ್ಷ’, ‘ನಿಮ್ಮಪ್ಪ ಹೋದ ವರ್ಷ’ ಅಂತ ಎಣಿಸುತ್ತೇವೆ. ಅದನ್ನು ಕಿತ್ತುಹಾಕಿದೆ, ಯಾರೂ ಕೇಳಲಿಲ್ಲ. ಆಮೇಲೆ ‘ಗುರುಹಿರಿಯರು ನಿಶ್ಚಯಿಸಿರುವುದರಿಂದ’. ನಿಶ್ಚಯಿಸಿದ್ದು ತಂಗಿ. ಗಾರ್ಮೆಂಟ್ಸಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗ. ಅವನೂ ನಮ್ಮ ಕುಲದವನೇ ಆಗಿದ್ದರಿಂದ ಗುರುಹಿರಿಯರು ತಾವೇ ನಿಶ್ಚಯಿಸಿದ್ದೆಂದು ಒಪ್ಪಿಕೊಂಡರು. ಅವನು ಬೇರೆಯವನಾಗಿದ್ದರೆ ಈ ಪತ್ರಿಕೆಯೂ ಇಲ್ಲ, ಈ ಲೇಖನವೂ ಇಲ್ಲ. ಬೇರೆ ಏನೋ ಆಗುತ್ತಿತ್ತು.

ಜಗಳ ಹತ್ತಿದ್ದು ‘ಆಮಂತ್ರಿಸುವವರು’ ಅನ್ನುವ ಕಡೆ. ಅಪ್ಪ ಇಲ್ಲ. ಇಂಥ ಕಡೆ ‘ದಿ||’ ಅಂತ ಅಪ್ಪನ ಹೆಸರು ಹಾಕಿ, ಸೋದರಮಾವನನ್ನೋ ದೊಡ್ಡಪ್ಪನನ್ನೋ ಆಮಂತ್ರಿಸುವವರು ಮಾಡುವುದು ರೂಢಿ. ಸತ್ತ ಗಂಡಸಿಗೆ ಜಾಗವಿದೆ, ಬದುಕಿರುವ ಹೆಂಗಸಿಗೆ ಇಲ್ಲ! 11 ವರ್ಷ ಒಬ್ಬಳೇ ದುಡಿದು ಸಾಕಿದವಳು ತನ್ನ ಮಗಳ ಮದುವೆಗೆ ಜನರನ್ನು ಕರೆಯುವಂತಿಲ್ಲ. ನಾನು ಅವ್ವನ ಹೆಸರನ್ನೇ ಬರೆದೆ. ಮಾವ ಮುನಿಸಿಕೊಂಡ. ಅವ್ವನೂ ಬೇಡ ಅಂದಳು. ‘ನನ್ ಹೆಸರು ಮೇಲ್ ಹಾಕ್ಬ್ಯಾಡ ಕಣ್ ಮಗ, ಮಗೀಗೆ ಒಳ್ಳೇದಾಗಲ್ಲ’ ಅಂತ ಅತ್ತಳು. ಆದರೂ ಹಾಕಿಸಿದೆ. ಅವ್ವನಿಗೆ ಸಮಾನತೆ ಕೊಡಿಸಲು ಅವ್ವನ ಮಾತನ್ನೇ ತುಳಿದೆ. ಇದು ಸರಿಯೋ ತಪ್ಪೋ ಅಂತ ಇವತ್ತೂ ಒಂದೊಂದು ರಾತ್ರಿ ಯೋಚಿಸುತ್ತೇನೆ. ಅಚ್ಚಾಗಿ ಬಂದ ದಿನ ‘ಎಲ್ಲೈತೆ ತೋರ್ಸು’ ಅಂದಳು. ಬೆರಳಿಟ್ಟು ತೋರಿಸಿದೆ. ಓದಲು ಬಾರದ ಆ ಅಕ್ಷರಗಳ ಮೇಲೆ ಅವಳೂ ಬೆರಳಿಟ್ಟಳು. ಏನೂ ಅನ್ನಲಿಲ್ಲ. ಒಂದು ಕಾರ್ಡನ್ನು ಟ್ರಂಕಿನಲ್ಲಿ ಸೀರೆ ಕೆಳಗೆ ಇಟ್ಟುಕೊಂಡಿದ್ದಾಳೆ ಅಂತ ತಂಗಿ ಆಮೇಲೆ ಹೇಳಿದಳು.

ಇಲ್ಲಿ ನಮ್ಮ ತಾತನ ಮಾತು ಹೇಳಬೇಕು. ಅವನ ಅಪ್ಪ ಊರಿನ ತೋಟಿ. ಊರಲ್ಲಿ ಯಾರಾದರೂ ಸತ್ತರೆ ಸುತ್ತಲ ಹಳ್ಳಿಗಳಿಗೆ ಸುದ್ದಿ ಹೊತ್ತು ನಡೆಯಬೇಕಾದವನು. ತೋಟಿ ತಳವಾರಿಕೆಗಳನ್ನು ತೆಗೆದುಹಾಕುವ ಕಾಯ್ದೆ 1961ರಲ್ಲೇ ಆಯಿತು. ಕಾಯ್ದೆ ಬಂದ ಮೇಲೂ ಕಾಲು ನಿಲ್ಲಲಿಲ್ಲ, ತಾತನೂ ನಡೆದ. ಸಾವಿನ ಸುದ್ದಿಗೆ ಕಾಗದ ಇರಲಿಲ್ಲ, ನಮ್ಮ ತಾತನೇ ಕಾಗದ. ಸುದ್ದಿ ಮುಟ್ಟಿಸಿದ ಮನೆಯ ಮುಂದೆ ದೂರ ನಿಂತು ಕೂಗಬೇಕು, ಅವರು ಕೊಟ್ಟ ಹಿಟ್ಟನ್ನೋ ಕಾಸನ್ನೋ ಟವಲಿನಲ್ಲಿ ಹಿಡಿಯಬೇಕು, ಹೊರಡಬೇಕು. ಬಡಗಣ ಸೀಮೆಯಲ್ಲಿ ನಮ್ಮವನೇ ಆದ ಚಲವಾದಿ ಗಂಟೆ ಬಟ್ಟಲು ಹಿಡಿದು ಲಿಂಗಾಯತರ ಮೆರವಣಿಗೆಯ ಮುಂದೆ ನಡೆಯುತ್ತಿದ್ದ. ಎಲ್ಲರಿಗಿಂತ ಮುಂದೆ ನಡೆದವನು ಪಂಕ್ತಿಯಲ್ಲಿ ಎಲ್ಲಿದ್ದ? ಕರೆಯುವವರು ನಾವು, ಕರೆಸಿಕೊಳ್ಳದವರೂ ನಾವು. ಬೇರೆಯವರ ಆಹ್ವಾನವಾಗಿ ಸವೆದ ಕಾಲುಗಳು ಇವು. ಅದಕ್ಕೇ ಇರಬೇಕು, ನಮ್ಮ ಜನಕ್ಕೆ ಅಚ್ಚಾದ ಪತ್ರಿಕೆಯ ಮೇಲೆ ಅಷ್ಟು ಆಸೆ. ಸಾಲ ಮಾಡಿಯಾದರೂ ಹೊಳೆಯುವ ಕಾರ್ಡು ಬೇಕು. ಓದಿದವರು ಇದನ್ನು ದುಂದು ಅಂತ ಹಳಿಯುತ್ತಾರೆ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ ಸರಳವಾಗಿ ಮಾಡಿದರು, ಮಂತ್ರಮಾಂಗಲ್ಯದ ದಾರಿ ತೋರಿದರು. ನಾನು ಆ ದಾರಿಯನ್ನು ಒಪ್ಪುತ್ತೇನೆ. ಆದರೆ ಒಂದು ಸಲವೂ ಮರ್ಯಾದೆಯಿಂದ ಕರೆಸಿಕೊಳ್ಳದವರಿಗೆ ಹೋಗಿ ‘ಯಾರನ್ನೂ ಕರೆಯಬೇಡಿ, ಸರಳವಾಗಿರಿ’ ಅನ್ನುವುದು ಹಸಿದವನಿಗೆ ಉಪವಾಸದ ಹಿರಿಮೆ ಹೇಳಿದಂತೆ ಅನ್ನಿಸುತ್ತದೆ. ಇದರಲ್ಲಿ ನನ್ನ ತಪ್ಪಿದ್ದರೆ ತಿದ್ದಿ.

ಈಗ ದೊಡ್ಡಮನೆ. ಊರಿನ ದೊಡ್ಡಮನೆ ಯಜಮಾನರಿಗೆ ಪತ್ರಿಕೆ ಕೊಡುವುದು ಬೇಡ ಅಂದೆ ನಾನು. ಹಿಂದೆಲ್ಲ ನಮ್ಮ ಮದುವೆಗಳಿಗೆ ಆ ಮನೆಯವರು ಬಂದರೆ ಉಣ್ಣುತ್ತಿರಲಿಲ್ಲ. ಅಕ್ಕಿ ಬೇಳೆ ಬೆಲ್ಲ ತೆಂಗಿನಕಾಯಿ, ಎಲೆ ಅಡಿಕೆ ಎಲ್ಲ ಮೊರದಲ್ಲಿಟ್ಟು ‘ಪಡಿ’ ಅಂತ ಅವರ ಮನೆಗೆ ಕಳಿಸಬೇಕಿತ್ತು. ಅದೇ ಅಕ್ಕಿ ನಮ್ಮ ಒಲೆಯ ಮೇಲೆ ಬೆಂದರೆ ಮೈಲಿಗೆ, ಹಸಿಯಾಗಿದ್ದರೆ ಮಡಿ. ನಮ್ಮ ಬೆಂಕಿಗೇ ಜಾತಿ! ಹೀಗಿರುವಾಗ ‘ಸಕುಟುಂಬ ಸಮೇತರಾಗಿ’ ಅಂತ ಯಾಕೆ ಕರೆಯಬೇಕು?

ಅವ್ವ ರಾಗಿ ಕೇರುತ್ತಾ ಕೂತಿದ್ದಳು. ಮೊರ ಕೆಳಗಿಟ್ಟು ಹೇಳಿದ್ದು ಇಷ್ಟು: ‘ನಿಮ್ಮಪ್ಪಂಗೆ ಎದೆನೋವು ಬಂದಾಗ ಮೈಸೂರಿಗೆ ಕರ್ಕೊಂಡು ಹೋಗಿದ್ದು ಅವ್ರ ಕಾರಲ್ಲೇ. ಆವತ್ತು ನೀನು ಜಾತಿ ಕೇಳ್ದಾ? ಕರಿಯೋದು ನಮ್ ಧರ್ಮ. ಉಣ್ಣೋದು ಬುಡೋದು ಅವ್ರ ಧರ್ಮ. ಅವ್ರು ಉಣ್ಣಲ್ಲ ಅಂತ ನಾನ್ ಕರೀದೇ ಹೋದ್ರೆ, ಅವ್ರಿಗೂ ನನಗೂ ಏನ್ ವ್ಯತ್ಯಾಸ?’

ಕಾಲೇಜಿನಲ್ಲಿ ತತ್ವಶಾಸ್ತ್ರದ ಪತ್ರಿಕೆಯಲ್ಲಿ ನನಗೆ 62 ಅಂಕ ಬಂದಿತ್ತು. ಅವ್ವನ ಮಾತಿಗೆ ಉತ್ತರ ಹೇಳಲು ಆ 62 ಸಾಲಲಿಲ್ಲ. ಅವಳ ಮಾತಿನ ಒಳಗೆ ಒಂದು ನ್ಯಾಯವಿದೆ. ಕರೆ ಅನ್ನುವುದು ಬರುವವನ ಯೋಗ್ಯತೆಯ ಮೇಲೆ ನಿಂತಿಲ್ಲ, ಕರೆಯುವವನ ಮನಸ್ಸಿನ ಮೇಲೆ ನಿಂತಿದೆ. ನಾನು ಕರೆದೆ ಅಂದರೆ ನನ್ನ ಬಾಗಿಲು ತೆರೆದಿದೆ ಅಂತ. ತೆರೆದ ಬಾಗಿಲನ್ನು ಕಂಡೂ ಹೊರಗೇ ನಿಂತವನು ತನ್ನನ್ನು ತಾನೇ ಹೊರಗಿಟ್ಟುಕೊಂಡ. ಹಾಗೆ ನೋಡಿದರೆ ಸುಳ್ಳು ನನ್ನದಲ್ಲ.

ಆದರೆ ಇನ್ನೊಂದು ಕಡೆಯೂ ಇದೆ. ಈ ಬಾಗಿಲು ನಮ್ಮ ಕಡೆಯಿಂದ ಮಾತ್ರ ತೆರೆದುಕೊಳ್ಳುತ್ತದೆ. ಸಮಾನರ ನಡುವೆ ಸುಳ್ಳು ಕರೆ ಒಂದು ಸೌಜನ್ಯ. ಪಕ್ಕದ ಮನೆಯವನು ಊಟಕ್ಕೆ ಕೂತಾಗ ‘ಬನ್ನಿ, ಊಟ ಮಾಡಿ’ ಅನ್ನುತ್ತಾನೆ, ನಾವು ‘ಆಯ್ತು, ನೀವು ಮಾಡಿ’ ಅನ್ನುತ್ತೇವೆ. ನಾಳೆ ನಾವು ಕರೆಯುತ್ತೇವೆ, ಅವನು ಬೇಡ ಅನ್ನುತ್ತಾನೆ. ಇಬ್ಬರಿಗೂ ಗೊತ್ತು, ಇಬ್ಬರಿಗೂ ನೋವಿಲ್ಲ. ಸುಳ್ಳು ಒಂದೇ ದಿಕ್ಕಿಗೆ ಹರಿಯುವಾಗ ಅದು ಸೌಜನ್ಯವಲ್ಲ, ಕಂದಾಯ. ಪಡಿ ಕಳಿಸುವಾಗ ನಾವು ಕಟ್ಟುತ್ತಿದ್ದದ್ದು ಅದನ್ನೇ. ಕರೆ ಬೇಕು, ಹಾರ ಬೇಕು, ಮುಂದಿನ ಕುರ್ಚಿ ಬೇಕು, ಅನ್ನ ಮಾತ್ರ ಬೇಡ ಅನ್ನುವವನು ಅತಿಥಿಯಲ್ಲ. ಅವನು ವಸೂಲಿಗೆ ಬಂದವನು.

ನಾನು ಸೋತೆ. ಅವ್ವನ ಜೊತೆ ದೊಡ್ಡಮನೆಗೆ ಹೋದೆ. ಕಾಲ ಬದಲಾಗಿದೆ, ಅದನ್ನೂ ಹೇಳಬೇಕು. ಜಗುಲಿಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ‘ಕೂತ್ಕೊಳಿ’ ಅಂದರು, ಏಕವಚನ ಅನ್ನಲಿಲ್ಲ. ಅರಿಶಿನ ಹಚ್ಚಿದ ಪತ್ರಿಕೆಯನ್ನು ಕೈಯಿಂದಲೇ ತೆಗೆದುಕೊಂಡರು, ಬೆರಳಿಗೆ ಬೆರಳು ತಗುಲಿತು ಕೂಡಾ. ಕಾಫಿ ಬಂತು. ಅವರಿಗೆ ಸ್ಟೀಲು ಲೋಟ, ನಮಗೆ ಕಾಗದದ ಲೋಟ. ನನ್ನ ಅಪ್ಪನ ಕಾಲದಲ್ಲಿ ಬೇರೆ ತೆಂಗಿನ ಚಿಪ್ಪು ಇತ್ತಂತೆ. ಈಗ ಕಾಗದದ ಲೋಟ ಬಂದು ಅಸ್ಪೃಶ್ಯತೆಯೇ ಆಧುನಿಕವಾಗಿದೆ, ಆರೋಗ್ಯಕರವಾಗಿದೆ! ಅದನ್ನು ಅಸ್ಪೃಶ್ಯತೆ ಅಂತ ಯಾವ ಠಾಣೆಯಲ್ಲಿ ಬರೆಸುತ್ತೀರಿ? ಸಂವಿಧಾನದ 17ನೇ ವಿಧಿ ಇದೆ, 1955ರ ಕಾಯ್ದೆ ಇದೆ, 1989ರದು ಇದೆ. ಬಾವಿ ತೆರೆಸಬಹುದು, ಹೋಟೆಲು ತೆರೆಸಬಹುದು, ದೇವಸ್ಥಾನದ ಬಾಗಿಲು ತೆರೆಸಬಹುದು. ಒಬ್ಬನ ಬಾಯಿ ತೆರೆಸಿ ‘ಉಣ್ಣು’ ಅನ್ನುವ ಕಾನೂನು ಇಲ್ಲ, ಇರಲೂಬಾರದು. ಕಾನೂನು ನಿಂತುಬಿಡುವ ಹೊಸಿಲು ಅದು. ಆಚೆಗೆ ಇರುವುದು ಮನುಷ್ಯನ ಮನಸ್ಸು ಮಾತ್ರ. ಮದುವೆಯ ಪತ್ರಿಕೆ ಹೋಗಿ ತಟ್ಟುವುದು ಆ ಬಾಗಿಲನ್ನು.

ಈಚೆಗೆ ಇನ್ನೊಂದು ಬಂದಿದೆ. ಆ ಮನೆಯ ಮಗನ ಮದುವೆಗೆ ಕರೆ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಹೂವು ಬಿರಿಯುತ್ತದೆ, ವಾದ್ಯ ಬಾರಿಸುತ್ತದೆ, ‘ಎಲ್ಲರಿಗೂ ಸ್ವಾಗತ’ ಅನ್ನುತ್ತದೆ. ನಮ್ಮ ಕೇರಿಯ ಹುಡುಗರೂ ಆ ಗುಂಪಿನಲ್ಲಿದ್ದಾರೆ. ಊರಿನ ಮನೆಮನೆಗೆ ಮಾತ್ರ ಕಾರ್ಡು ಕೈಗೇ ಹೋಯಿತು. ಕೈ ಮುಟ್ಟದ ಆಹ್ವಾನ, ಹೊಸಿಲು ದಾಟದ ಆಹ್ವಾನ. ‘ಕರೆದಿಲ್ಲ’ ಅಂತ ನಾವು ಅನ್ನುವಂತಿಲ್ಲ, ‘ಕರೆದಿದ್ದಾರೆ’ ಅಂತ ಹೋಗುವಂತೆಯೂ ಇಲ್ಲ. ಮುಟ್ಟಿನ ಸಮಸ್ಯೆಯನ್ನು ಫೋನು ಬಗೆಹರಿಸಿತು, ಅನ್ನದ ಸಮಸ್ಯೆ ಇದ್ದಲ್ಲೇ ಇದೆ.

ನಮ್ಮ ಸೀಮೆಯಲ್ಲೇ ಚಿಕ್ಕಲ್ಲೂರು ಇದೆ. ಬನದ ಹುಣ್ಣಿಮೆಗೆ ಸಿದ್ದಪ್ಪಾಜಿ ಜಾತ್ರೆ. ಪಂಕ್ತಿಸೇವೆಯ ದಿನ ಬೇರೆ ಬೇರೆ ಜಾತಿಯ ಒಕ್ಕಲುಗಳು ಬಯಲಲ್ಲಿ ಒಲೆ ಹೂಡಿ, ಒಂದೇ ಸಾಲಲ್ಲಿ ಕೂತು ಬಾಡೂಟ ಉಣ್ಣುತ್ತಾರೆ. ಅಲ್ಲಿಗೆ ಯಾರಿಗೂ ಪತ್ರಿಕೆ ಹೋಗುವುದಿಲ್ಲ. ಹಾಗೆ ಕೂತು ಉಂಡವರೇ ಊರಿಗೆ ಬಂದ ಮೇಲೆ ಮತ್ತೆ ಕೇರಿ ಬೇರೆ, ಊರು ಬೇರೆ. ಒಂದು ದಿನದ ಮಟ್ಟಿಗೆ ಸಾಧ್ಯವಾದದ್ದು ಉಳಿದ ದಿನ ಯಾಕೆ ಅಸಾಧ್ಯ? ಬಯಲಿನಲ್ಲಿ ದೇವರು ಕರೆದ, ಅವನ ಮುಂದೆ ಯಾರೂ ದೊಡ್ಡವರಲ್ಲ. ಮನೆಯ ಮದುವೆಯಲ್ಲಿ ಕರೆಯುವವನು ಮನುಷ್ಯ. ಮನುಷ್ಯ ಕರೆದಾಗ ಕರೆದವನ ಸಮಕ್ಕೆ ಕೂರಬೇಕಾಗುತ್ತದೆ. ಕಷ್ಟ ಇರುವುದು ಅಲ್ಲಿ.

ಬರೀ ಊಟದಿಂದ ಏನಾಗುತ್ತದೆ ಅಂತ ಬಾಬಾಸಾಹೇಬರೇ ಕೇಳಿದ್ದಾರೆ. ಸಹಭೋಜನ ಜಾತಿಯನ್ನು ಕೊಲ್ಲಲಿಲ್ಲ, ನಿಜವಾದ ಮದ್ದು ಅಂತರ್ಜಾತಿ ವಿವಾಹ ಅಂತ ಅವರ ವಾದ. ಆ ವಾದ ಇರುವ ಭಾಷಣದ ಕಥೆಯೇ ಒಂದು ಆಹ್ವಾನದ ಕಥೆ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ 1936ರ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನು ಕರೆಯಿತು. ಜಾತಿ ಒಡೆಯಲೆಂದೇ ಹುಟ್ಟಿದ ಸವರ್ಣ ಸುಧಾರಕರ ಸಂಘ. ಅಚ್ಚಾದ ಭಾಷಣ ಓದಿ ಅವರಿಗೆ ದಿಗಿಲಾಯಿತು. ಕೆಲವು ಭಾಗ ತೆಗೆಯಿರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂದರು ಅಂಬೇಡ್ಕರ್. ಸಮ್ಮೇಳನವೇ ರದ್ದಾಯಿತು. ಅವರು ಅದೇ ವರ್ಷ ಭಾಷಣವನ್ನು ತಮ್ಮ ಖರ್ಚಿನಲ್ಲಿ ಪುಸ್ತಕ ಮಾಡಿ ಹೊರಗೆ ತಂದರು. ನಾನು ಇದನ್ನು ಪದೇ ಪದೇ ನೆನೆಯುತ್ತೇನೆ. ಕರೆದವರು ‘ಬನ್ನಿ’ ಅಂದಿದ್ದರು, ಆದರೆ ‘ನೀವು ನೀವಾಗಿ ಬರಬೇಡಿ’ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಯಾವ ಕರೆಯಲ್ಲೂ ಆ ಸಣ್ಣ ಅಕ್ಷರವನ್ನು ಹುಡುಕುವ ಚಟ ನನಗೆ ಅಲ್ಲಿಂದ ಅಂಟಿತು.

ಇನ್ನು ಅವರು ಹೇಳಿದ ಆ ನಿಜವಾದ ಮದ್ದಿಗೆ ಪತ್ರಿಕೆ ಹೇಗಿರುತ್ತದೆ? ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಆ ಇಬ್ಬರು ತಂದೆಯರಿಗೆ ಸಿಕ್ಕಿದ್ದು ಆನೆ ಕಾಲಿನ ಎಳೆಹೂಟೆ ಅನ್ನುತ್ತದೆ ಶರಣರ ಕಥೆ. ಇವತ್ತು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಡಿ ಮದುವೆಯಾಗುವವರು ಮೊದಲು ನೋಟೀಸು ಕೊಡಬೇಕು. ಹುಡುಗ ಹುಡುಗಿಯ ಹೆಸರು ವಿಳಾಸ ಬರೆದು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸುತ್ತಾರೆ. 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಅದೂ ಒಂದು ಲಗ್ನಪತ್ರಿಕೆಯೇ. ನಮ್ಮ ಪತ್ರಿಕೆ ‘ಬನ್ನಿ, ಹರಸಿ’ ಅನ್ನುತ್ತದೆ. ಸರ್ಕಾರದ ಪತ್ರಿಕೆ ‘ಬನ್ನಿ, ತಕರಾರು ಮಾಡಿ’ ಅನ್ನುತ್ತದೆ.

ಇನ್ನೊಂದು ಮಾತು. ಪತ್ರಿಕೆಯಲ್ಲಿ ಸ್ಥಳ ಇರುತ್ತದೆ, ಹೊತ್ತು ಇರುತ್ತದೆ, ದಾರಿ ಇರುವುದಿಲ್ಲ. 2018ರಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯ ನಿಜಾಮ್‌ಪುರದಲ್ಲಿ ಒಬ್ಬ ದಲಿತ ಮದುಮಗ ತನ್ನ ದಿಬ್ಬಣ ಠಾಕೂರರ ಬೀದಿಯಲ್ಲಿ ಹೋಗಬೇಕು ಅಂತ ಹೈಕೋರ್ಟಿನವರೆಗೂ ಹೋದ. ಕೊನೆಗೆ ಜಿಲ್ಲಾಡಳಿತ ದಾರಿ ಗುರುತು ಮಾಡಿಕೊಟ್ಟು, ಪೊಲೀಸರ ಸರ್ಪಗಾವಲಿನಲ್ಲಿ ದಿಬ್ಬಣ ಹೊರಟಿತು. ಮದುವೆ ಮಾಡಿಕೊಳ್ಳಲು ನಕ್ಷೆ ಬೇಕಾದ ದೇಶ ಇದು.

ಇಷ್ಟೆಲ್ಲ ದೊಡ್ಡದಾಗಿ ಯೋಚಿಸುತ್ತಿದ್ದವನಿಗೆ ಹೊಡೆತ ಬಿದ್ದದ್ದು ಬೇರೆ ಕಡೆಯಿಂದ.

ಮದುವೆಗೆ ನಾಲ್ಕು ದಿನ ಇತ್ತು. ಇನ್ನೂ 23 ಕಾರ್ಡು ಉಳಿದಿದ್ದವು. ಯಾರನ್ನು ಬಿಟ್ಟಿದ್ದೇವೆ ಅಂತ ಪಟ್ಟಿ ತೆಗೆದು ನೋಡಿದೆ. ಪಟ್ಟಿ ನನ್ನ ಕೈಬರಹವೇ, ಅವ್ವ ಮಾವ ಹೇಳಿದ್ದು ನಾನು ಬರೆದದ್ದು. ಊರು, ನಮ್ಮ ಕೇರಿ, ನೆಂಟರು, ತಂಗಿಯ ಕಾರ್ಖಾನೆಯವರು, ನನ್ನ ಗೆಳೆಯರು. ನಮ್ಮ ಕೇರಿಯಿಂದ ಕಲ್ಲೆಸೆತದ ದೂರದಲ್ಲಿರುವ ಮಾದಿಗರ ಕೇರಿಯ 14 ಮನೆಗಳಲ್ಲಿ ಒಂದರ ಹೆಸರೂ ಅದರಲ್ಲಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಯಾರಿಗೂ ನೆನಪೇ ಆಗಿರಲಿಲ್ಲ. ನನಗೂ. 6 ವರ್ಷ, 20ಕ್ಕೂ ಹೆಚ್ಚು ಪತ್ರಿಕೆ, ಪ್ರತಿಯೊಂದರ ಪಟ್ಟಿಯಲ್ಲೂ ನನ್ನ ಅಕ್ಷರ, ಒಂದರಲ್ಲೂ ಆ ಕೇರಿ ಇಲ್ಲ. 2024ರ ಆಗಸ್ಟಿನಲ್ಲಿ ಒಳವರ್ಗೀಕರಣದ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಎಡಗೈ ಬಲಗೈ ಅಂತ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದ್ದೆ. ಒಗ್ಗಟ್ಟು ಅಂದಿದ್ದೆ. ಶ್ರೇಣೀಕೃತ ಅಸಮಾನತೆ ಅನ್ನುವ ಬಾಬಾಸಾಹೇಬರ ಮಾತನ್ನು ವಿವರಿಸಿ ಚಪ್ಪಾಳೆ ತೆಗೆದುಕೊಂಡಿದ್ದೆ. ಆ ಏಣಿಯಲ್ಲಿ ನನ್ನ ಕಾಲು ಯಾವ ಮೆಟ್ಟಿಲ ಮೇಲಿದೆ ಅಂತ ಬಗ್ಗಿ ನೋಡಿರಲಿಲ್ಲ.

ಸಂಜೆ 14 ಕಾರ್ಡು ತೆಗೆದುಕೊಂಡು ಹೋದೆ. ಮೊದಲ ಮನೆಯ ಮುಂದೆ ಒಬ್ಬ ಅಜ್ಜ ತಮಟೆಯನ್ನು ಬೆಂಕಿಗೆ ಕಾಯಿಸುತ್ತಾ ಕೂತಿದ್ದ. ಎದ್ದು ನಿಂತ. ನನಗಿಂತ ಮೂರು ಪಟ್ಟು ವಯಸ್ಸಿನವನು ನನ್ನನ್ನು ಕಂಡು ಎದ್ದು ನಿಂತ. ಕೈಗೆ ಪತ್ರಿಕೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ. ನಂತರ ತುಂಬಾ ಮೆತ್ತಗೆ, ಯಾವ ಸಿಟ್ಟೂ ಇಲ್ಲದೆ ಕೇಳಿದ:

‘ಉಣ್ಣಕ್ಕೆ ಕರೀತಿದ್ದೀಯ ಮಗ, ಇಲ್ಲಾ ತಮಟೆ ಬಡಿಯಕ್ಕಾ?’

ನಾನು ‘ಉಣ್ಣೋದಕ್ಕೆ ಅಜ್ಜ, ಮನೆ ಮಂದಿಯೆಲ್ಲ’ ಅಂದೆ.

‘ಎಷ್ಟನೇ ಪಂಕ್ತೀಲಿ?’

ದೊಡ್ಡಮನೆಯ ಕಾಗದದ ಲೋಟದ ಬಗ್ಗೆ ಅಷ್ಟೊಂದು ವಾದ ಮಾಡಿದ್ದವನಿಗೆ ಅಲ್ಲಿ ನಾಲಿಗೆ ಹೊರಳಲಿಲ್ಲ. ಯಾಕೆಂದರೆ ಎಷ್ಟನೇ ಪಂಕ್ತಿ ಅಂತ ನನಗೇ ಗೊತ್ತಿರಲಿಲ್ಲ. ಕಾರ್ಡು ನನ್ನದು, ಪಂಕ್ತಿ ನನ್ನ ಕೈಯಲ್ಲಿರಲಿಲ್ಲ. ಅವ್ವನ ಕೈಯಲ್ಲಿತ್ತು, ಮಾವನ ಕೈಯಲ್ಲಿತ್ತು, ಕೇರಿಯ ಯಜಮಾನರ ಕೈಯಲ್ಲಿತ್ತು. ‘ಬನ್ನಿ’ ಅನ್ನುವ ಅಧಿಕಾರ ಇರುವುದು ಜೊತೆಗೆ ಕೂರಿಸುವ ತಾಕತ್ತು ಇದ್ದವನಿಗೆ ಮಾತ್ರ. ಅದಿಲ್ಲದೆ ನಾನು ಹಂಚಿದ್ದು 9 ರೂಪಾಯಿಯ ಕಾಗದ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ‘ಕರಿಯೋದು ನಮ್ ಧರ್ಮ ಅಂದೋಳು ನೀನೇ ಅಲ್ವಾ’ ಅಂದೆ. ‘ಅದು ದೊಡ್ಡೋರ್ಗೆ ಅಂದಿದ್ದು’ ಅಂದಳು. ಆಮೇಲೆ ತನ್ನ ಮಾತು ತನಗೇ ಕೇಳಿಸಿತೋ ಏನೋ, ಒಲೆ ಕಡೆ ತಿರುಗಿಕೊಂಡಳು. ಮಾರನೇ ದಿನ ಬೆಳಿಗ್ಗೆ ನನಗೆ ಹೇಳದೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಆ ಕೇರಿಗೆ ಒಬ್ಬಳೇ ಹೋಗಿಬಂದಳಂತೆ. ಅಲ್ಲಿ ಏನು ಮಾತಾದವು ಅಂತ ಇವತ್ತಿಗೂ ಹೇಳಿಲ್ಲ.

ಮದುವೆ ದಿನ ದೊಡ್ಡಮನೆ ಯಜಮಾನರು ಬಂದರು. ಹತ್ತು ನಿಮಿಷ ಇದ್ದರು. ಅಕ್ಷತೆ ಹಾಕಿ, ಫೋಟೋಗೆ ನಿಂತು, ಸೀಲ್ ಒಡೆಯದ ಬಾಟಲಿಯ ನೀರು ಕುಡಿದು, ‘ಇನ್ನೊಂದು ಮದ್ವೆ ಇದೆ’ ಅಂತ ಹೊರಟರು. ಮುಯ್ಯಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 501 ರೂಪಾಯಿ ಬರೆದೆ. ಮುಯ್ಯಿ ಅಂದರೆ ತೀರಿಸಬೇಕಾದ್ದು. ಅವರ ಮನೆಯಲ್ಲಿ ಮದುವೆಯಾದಾಗ 501ಕ್ಕೆ ಇನ್ನೊಂದಿಷ್ಟು ಸೇರಿಸಿ ನಾವು ಹಾಕಿದರೆ ದುಡ್ಡಿನ ಲೆಕ್ಕ ಚುಕ್ತಾ. ಉಂಡದ್ದು ಮಾತ್ರ ಬೇರೆ ಥರದ ಮುಯ್ಯಿ, ಅದನ್ನು ಕೂತು ಉಣ್ಣಿಸಿಯೇ ತೀರಿಸಬೇಕು. ಅವರು ಆ ಸಾಲಕ್ಕೆ ಬೀಳಲಿಲ್ಲ. ಬುದ್ಧಿವಂತರು.

ಆ ಕೇರಿಯಿಂದ 11 ಜನ ಬಂದರು. ಅಜ್ಜನೂ ಬಂದಿದ್ದ, ತಮಟೆ ತಂದಿರಲಿಲ್ಲ. ಎರಡನೇ ಪಂಕ್ತಿಯಲ್ಲಿ ಅವ್ವನೇ ಕೈಹಿಡಿದು ಕೂರಿಸಿದಳು. ಪಕ್ಕದ ಎಲೆಯವರು ಇಬ್ಬರು ‘ಆಮೇಲೆ ಉಣ್ತೀವಿ’ ಅಂತ ಎದ್ದುಹೋದರು. ಎದ್ದವರು ನಮ್ಮವರೇ. ಎದ್ದವರಲ್ಲಿ ಒಬ್ಬ ನಮ್ಮ ಮಾವ. ಖಾಲಿಯಾದ ಎಲೆಯ ಮುಂದೆ ಹೋಗಿ ನಾನು ಕೂತೆ. ಕೂರುವಾಗ ಒಂದು ಗಳಿಗೆ ಮೈ ಹಿಂಜರಿಯಿತು. ಇದನ್ನು ಬರೆಯದೇ ಬಿಡಬಹುದಿತ್ತು, ಬಿಟ್ಟರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ. ಆ ಹಿಂಜರಿಕೆಯನ್ನು ನನಗೆ ಯಾರೂ ಕಲಿಸಿರಲಿಲ್ಲ. ಅದು ಎಲ್ಲಿತ್ತು? ಅಜ್ಜ ಅನ್ನ ಕಲಸುತ್ತಾ ‘ಸಾರು ಚೆನ್ನಾಗೈತೆ’ ಅಂದ.

ಹೋದ ಸೋಮವಾರ ಅಜ್ಜನ ಮನೆಯಿಂದ ಪತ್ರಿಕೆ ಬಂದಿದೆ. ಮೊಮ್ಮಗಳ ಮದುವೆ. ಅಜ್ಜನೇ ಬಂದು ಅವ್ವನ ಕೈಗೆ ಕೊಟ್ಟುಹೋದ. ನಾನು ಬರೆದದ್ದಲ್ಲ, ಆ ಕೇರಿಯ ಹುಡುಗಿಯೊಬ್ಬಳು ಈ ವರ್ಷ ಡಿಗ್ರಿ ಮುಗಿಸಿದ್ದಾಳೆ, ಅವಳು ಬರೆದಿದ್ದಾಳೆ. ಒಕ್ಕಣೆಯಲ್ಲಿ ಎರಡು ಕಾಗುಣಿತದ ತಪ್ಪಿದೆ. ‘ಸಕುಟುಂಬ ಸಮೇತರಾಗಿ’ ಅನ್ನುವುದು ಸರಿಯಾಗಿದೆ. ಅವ್ವ ಅದನ್ನು ಸೂರಿನ ಗಳುವಿಗೆ ಸಿಕ್ಕಿಸಿದ್ದಾಳೆ. ಮದುವೆ ಬರುವ ಗುರುವಾರ. ನಾನು ಹೋಗುತ್ತೇನೆ. ಮಾವ ಬರುವುದಿಲ್ಲ. ಅವ್ವ ಹೋಗುತ್ತಾಳಾ, ಹೋದರೆ ಉಣ್ಣುತ್ತಾಳಾ ಅಂತ ನಾನು ಕೇಳಿಲ್ಲ. ನೆನ್ನೆ ಟ್ರಂಕಿನಿಂದ ತಂಗಿಯ ಮದುವೆಗೆ ಉಟ್ಟಿದ್ದ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು.